ಏರುದರವೋ, ಒಂದೇ ದರವೋ, ಖರ್ಚಿನ ಮೇಲಿನ ತೆರಿಗೆಯೋ: ಆದಾಯ ತೆರಿಗೆಯ ನ್ಯಾಯವನ್ನು ತೂಗಿ ಆರಿಸುವ ಬಗೆ

ಕರ್ನಾಟಕದಲ್ಲಿ ತಿಂಗಳ ಸಂಬಳ ಪಡೆಯುವವರ ವೇತನ ಚೀಟಿಯಲ್ಲಿ ಎರಡು ತೆರಿಗೆಗಳು ಒಂದರ ಕೆಳಗೊಂದು ಕಾಣಿಸುತ್ತವೆ. ಮೊದಲನೆಯದು ರಾಜ್ಯ ಸರ್ಕಾರದ ವೃತ್ತಿ ತೆರಿಗೆ. ತಿಂಗಳಿಗೆ 25 ಸಾವಿರ ರೂಪಾಯಿ ದುಡಿಯುವ ಗುಮಾಸ್ತರೂ 5 ಲಕ್ಷ ರೂಪಾಯಿ ದುಡಿಯುವ ವ್ಯವಸ್ಥಾಪಕರೂ ಇದಕ್ಕೆ ಕೊಡುವುದು ಒಂದೇ ಮೊತ್ತ: ತಿಂಗಳಿಗೆ 200 ರೂಪಾಯಿ, ಫೆಬ್ರುವರಿಯಲ್ಲಿ ಮಾತ್ರ 300. ವರ್ಷಕ್ಕೆ 2,500 ರೂಪಾಯಿ ದಾಟುವಂತಿಲ್ಲ ಎಂದು ಸಂವಿಧಾನದ 276ನೇ ವಿಧಿಯೇ ಮಿತಿ ಹಾಕಿದೆ. ಗುಮಾಸ್ತರ ವರ್ಷದ ಗಳಿಕೆಯಲ್ಲಿ ಇದು ಶೇ 0.83ರಷ್ಟಾದರೆ ವ್ಯವಸ್ಥಾಪಕರ ಗಳಿಕೆಯಲ್ಲಿ ಶೇ 0.04ರಷ್ಟೇ. ಎರಡನೆಯದು ಕೇಂದ್ರದ ಆದಾಯ ತೆರಿಗೆ, ಅಂದರೆ ಟಿಡಿಎಸ್ ಎಂದು ಮುರಿದುಕೊಳ್ಳುವ ಮೊತ್ತ. ಇದರಲ್ಲಿ ಗುಮಾಸ್ತರ ಪಾಲು ಸೊನ್ನೆ. ವ್ಯವಸ್ಥಾಪಕರ ಪಾಲು ಹಲವು ಲಕ್ಷ. ತಲೆಗೆ ಇಷ್ಟು ಎನ್ನುವ ನ್ಯಾಯವೂ ಶಕ್ತಿಗೆ ತಕ್ಕಷ್ಟು ಎನ್ನುವ ನ್ಯಾಯವೂ ಒಂದೇ ಚೀಟಿಯಲ್ಲಿ ಅಕ್ಕಪಕ್ಕ ಕುಳಿತಿವೆ, ಮತ್ತು ಎರಡಕ್ಕೂ ನಾವು ಒಗ್ಗಿಹೋಗಿದ್ದೇವೆ.

ಹೆಚ್ಚು ಗಳಿಸುವವರಿಂದ ಹೆಚ್ಚಿನ ದರದಲ್ಲಿ ತೆರಿಗೆ ಪಡೆಯುವುದು ನ್ಯಾಯವೇ ಎಂಬ ರಾಜಕೀಯ ವಾದ ಪ್ರತಿ ಬಜೆಟ್‌ನ ಹಿಂದುಮುಂದೆ ಏಳುತ್ತದೆ. ವಾದಿಸುವವರು ಸಾಮಾನ್ಯವಾಗಿ ಒಂದೊಂದು ದರವನ್ನು ಹಿಡಿದುಕೊಂಡು ಕೂಗಾಡುತ್ತಾರೆ. ಆಯ್ಕೆಗಳನ್ನು ಎದುರುಬದುರು ಇಟ್ಟು ನೋಡುವುದು ಕಡಿಮೆ. ನಮ್ಮ ಮುಂದಿರುವ ಮುಖ್ಯ ಆಯ್ಕೆಗಳು ಇವು: ಮೆಟ್ಟಿಲುಮೆಟ್ಟಿಲಾಗಿ ಏರುವ ದರ, ಎಲ್ಲರಿಗೂ ಒಂದೇ ದರ, ಕಡಿತಗಳಿರುವ (ಕೆಲವು ಖರ್ಚು, ಉಳಿತಾಯಗಳನ್ನು ಆದಾಯದಿಂದ ಕಳೆಯಲು ಬಿಡುವ) ಹೆಚ್ಚಿನ ದರ ಅಥವಾ ಕಡಿತಗಳಿಲ್ಲದ ಕಡಿಮೆ ದರ, ಮತ್ತು ಆದಾಯವನ್ನು ಬಿಟ್ಟು ಖರ್ಚು ಅಥವಾ ಸಂಪತ್ತಿನ ಮೇಲಿನ ತೆರಿಗೆ. ಇವುಗಳನ್ನು ಭಾರತದ ಲೆಕ್ಕದಲ್ಲೇ ಹೋಲಿಸಿ ನೋಡೋಣ. ಇಲ್ಲಿನ ಅಂಕಿಗಳು 2025-26ರ ಹಣಕಾಸು ವರ್ಷದ ದರಗಳಿಗೆ ಸಂಬಂಧಿಸಿದವು.

ಏರುದರದ ಪರ, ವಿರೋಧ

ಮೊದಲು ಒಂದು ತಪ್ಪು ತಿಳಿವಳಿಕೆಯನ್ನು ದಾಟಿಕೊಳ್ಳಬೇಕು. ಮೇಲಿನ ಸ್ಲ್ಯಾಬಿಗೆ, ಅಂದರೆ ದರದ ಮುಂದಿನ ಮೆಟ್ಟಿಲಿಗೆ, ಹೋದರೆ ಇಡೀ ಆದಾಯಕ್ಕೆ ಮೇಲಿನ ದರ ಬೀಳುತ್ತದೆ ಎಂದು ನಂಬಿರುವ ವಿದ್ಯಾವಂತರು ಈಗಲೂ ಸಿಗುತ್ತಾರೆ. ಆದಾಯ ತೆರಿಗೆಯ ಲೆಕ್ಕಕ್ಕೆ ಹಳೆಯದು, ಹೊಸದು ಎಂದು ಎರಡು ಪದ್ಧತಿಗಳಿವೆ; ಹೊಸ ಪದ್ಧತಿಯಲ್ಲಿ ಮೊದಲ 4 ಲಕ್ಷಕ್ಕೆ ತೆರಿಗೆ ಇಲ್ಲ. ಅಲ್ಲಿಂದ ಪ್ರತಿ 4 ಲಕ್ಷಕ್ಕೊಮ್ಮೆ ಶೇ 5, 10, 15, 20, 25 ಎಂದು ಏರಿ, 24 ಲಕ್ಷದ ಮೇಲೆ ಶೇ 30 ಆಗುತ್ತದೆ. 24 ಲಕ್ಷ ದಾಟಿ ಬಂದ ರೂಪಾಯಿಗೆ 30 ಪೈಸೆ ಹೋಗುತ್ತದೆ; ಅದರ ಕೆಳಗಿನ ಮೊತ್ತಕ್ಕೆ ಆಯಾ ಮೆಟ್ಟಿಲಿನ ದರವೇ. ಹಾಗಾಗಿ 50 ಲಕ್ಷದ ತೆರಿಗೆಯೋಗ್ಯ ಆದಾಯಕ್ಕೆ ಸೆಸ್‌ಗೂ (ತೆರಿಗೆಯ ಮೊತ್ತದ ಮೇಲೆ ಬೀಳುವ ಶೇ 4ರ ಉಪಕರ) ಮುಂಚಿನ ತೆರಿಗೆ 10 ಲಕ್ಷ 80 ಸಾವಿರ, ಅಂದರೆ ಸರಾಸರಿ ಶೇ 21.6. ಶೇ 30 ಎಂಬುದು ಕೊನೆಯ ರೂಪಾಯಿಯ ದರ. ನ್ಯಾಯದ ಮಾತಿಗೆ ಸರಾಸರಿ ದರ ಮುಖ್ಯ, ದುಡಿಯುವ ಉತ್ಸಾಹದ ಮಾತಿಗೆ ಕೊನೆಯ ರೂಪಾಯಿಯ ದರ ಮುಖ್ಯ. ಎರಡನ್ನೂ ಬೆರೆಸಿ ಮಾತಾಡುವವರ ಬಳಿ ವಾದಕ್ಕಿಳಿದು ಪ್ರಯೋಜನವಿಲ್ಲ.

ಏರುದರದ ಪರವಾದ ವಾದಕ್ಕೆ ತಳಹದಿ ತೀರ ಸರಳ. ಒಂದು ಸಾವಿರ ರೂಪಾಯಿ ಕಡಿಮೆಯಾದರೆ ಬಡಮನೆಯಲ್ಲಿ ಮಗುವಿನ ಶಾಲಾ ಶುಲ್ಕವೋ ಔಷಧವೋ ತಪ್ಪುತ್ತದೆ. ಸಿರಿವಂತರ ಮನೆಯಲ್ಲಿ ಅದು ಹೋದದ್ದೇ ತಿಳಿಯುವುದಿಲ್ಲ. ಆದ್ದರಿಂದ ಎಲ್ಲರಿಂದಲೂ ಸಮನಾದ ಮೊತ್ತವನ್ನಾಗಲಿ ಸಮನಾದ ಪ್ರಮಾಣವನ್ನಾಗಲಿ ಪಡೆಯದೆ, ಸಮನಾದ ತ್ಯಾಗವನ್ನು ಪಡೆಯಬೇಕು ಎಂಬುದು ಈ ಪಕ್ಷದ ನಿಲುವು. ಇದಕ್ಕೆ ಇನ್ನೊಂದು ಮಾತನ್ನೂ ಸೇರಿಸುತ್ತಾರೆ: ದೊಡ್ಡ ಗಳಿಕೆ ಒಬ್ಬರ ಶ್ರಮದಿಂದಷ್ಟೇ ಬರುವುದಿಲ್ಲ, ರಸ್ತೆ, ನ್ಯಾಯಾಲಯ, ಸರ್ಕಾರಿ ಕಾಲೇಜಿನಲ್ಲಿ ಓದಿ ಬಂದ ನೌಕರರು, ಇವೆಲ್ಲ ಇದ್ದುದರಿಂದ ಬರುತ್ತದೆ.

ವಿರೋಧದ ವಾದವನ್ನು ಸಿರಿವಂತರ ಸ್ವಾರ್ಥ ಎಂದು ತಳ್ಳಿಹಾಕುವುದು ರೂಢಿ, ಆದರೆ ಅದು ಅಷ್ಟು ಹಗುರವಾದುದಲ್ಲ. ಸಮನಾದ ತ್ಯಾಗದ ಮಾತನ್ನು ಪ್ರಸಿದ್ಧಗೊಳಿಸಿದ ಬ್ರಿಟನ್ನಿನ ತತ್ತ್ವಜ್ಞಾನಿ ಜಾನ್ ಸ್ಟುವರ್ಟ್ ಮಿಲ್ ಅವರೇ ದುಡಿದ ಆದಾಯದ ಮೇಲೆ ಏರುದರ ಬೇಡ ಎಂದರು. ಜೀವನಾವಶ್ಯಕ ಮೊತ್ತವನ್ನು ಬಿಟ್ಟು ಉಳಿದದ್ದಕ್ಕೆ ಒಂದೇ ದರ ಇರಲಿ, ಏರುದರವನ್ನು ಬೇಕಿದ್ದರೆ ಪಿತ್ರಾರ್ಜಿತದ ಮೇಲೆ ಹಾಕಿ ಎಂಬುದು ಅವರ ನಿಲುವಾಗಿತ್ತು. ಇಪ್ಪತ್ತನೆಯ ಶತಮಾನದಲ್ಲಿ ಅರ್ಥಶಾಸ್ತ್ರಜ್ಞ ಫ್ರೀಡ್ರಿಕ್ ಹಯೆಕ್ ಎತ್ತಿದ ಆಕ್ಷೇಪ ಇನ್ನೂ ಹರಿತವಾದದ್ದು: ಬಹುಮತದವರು ತಾವು ಹೊರಲು ಒಪ್ಪದ ದರವನ್ನು ಅಲ್ಪಸಂಖ್ಯೆಯ ಗಳಿಕೆದಾರರ ಮೇಲೆ ಹೇರುವುದಕ್ಕೆ ಏರುದರ ದಾರಿ ಮಾಡಿಕೊಡುತ್ತದೆ, ಮತ್ತು ಎಲ್ಲಿ ನಿಲ್ಲಬೇಕು ಎಂದು ಹೇಳುವ ಸೂತ್ರ ಅದರೊಳಗೆ ಇಲ್ಲ.

ಎಲ್ಲಿ ನಿಲ್ಲಬೇಕೆಂದು ತಿಳಿಯದೆ ಹೋದುದಕ್ಕೆ ನಮ್ಮ ದೇಶವೇ ಸಾಕ್ಷಿ. 1973-74ರಲ್ಲಿ 2 ಲಕ್ಷ ರೂಪಾಯಿ ಮೀರಿದ ಆದಾಯಕ್ಕೆ ಶೇ 85 ತೆರಿಗೆ, ಆ ತೆರಿಗೆಯ ಮೊತ್ತದ ಮೇಲೆ ಶೇ 15 ಸರ್‌ಚಾರ್ಜ್ (ಹೆಚ್ಚುವರಿ ತೆರಿಗೆ) ಸೇರಿ ಒಟ್ಟು ದರ ಶೇ 97.75 ಇತ್ತು. ನೂರು ರೂಪಾಯಿ ಹೆಚ್ಚು ಗಳಿಸಿದರೆ ಕೈಗೆ ಬರುವುದು ಎರಡೂಕಾಲು ರೂಪಾಯಿ. ಜೊತೆಗೆ ಸಂಪತ್ತು ತೆರಿಗೆಯೂ ಇದ್ದುದರಿಂದ ಆಸ್ತಿವಂತರ ಒಟ್ಟು ಹೊರೆ ಕೆಲವೊಮ್ಮೆ ಆ ವರ್ಷದ ಆದಾಯವನ್ನೇ ಮೀರುವಂತಿತ್ತು. ಇಷ್ಟು ದರವನ್ನು ಪ್ರಾಮಾಣಿಕವಾಗಿ ಕಟ್ಟಿದವರು ವಿರಳ, ಬಚ್ಚಿಟ್ಟವರು ಬಹಳ. ಕಪ್ಪು ಹಣದ ಬಗ್ಗೆ ಪರಿಶೀಲಿಸಿದ ವಾಂಛೂ ಸಮಿತಿ 1971ರಲ್ಲೇ ಅತಿಯಾದ ದರವೇ ತೆರಿಗೆಗಳ್ಳತನಕ್ಕೆ ದೊಡ್ಡ ಕಾರಣ ಎಂದು ಹೇಳಿ ಗರಿಷ್ಠ ದರವನ್ನು ಶೇ 75ಕ್ಕೆ ಇಳಿಸಲು ಸೂಚಿಸಿತ್ತು. 1974-75ರಲ್ಲಿ ದರ ಶೇ 77ಕ್ಕೆ, 1976-77ರಲ್ಲಿ ಶೇ 66ಕ್ಕೆ ಇಳಿಯಿತು. 1985ರಲ್ಲಿ ಹಣಕಾಸು ಸಚಿವ ವಿ.ಪಿ. ಸಿಂಗ್ ಎಂಟು ಸ್ಲ್ಯಾಬ್‌ಗಳನ್ನು ನಾಲ್ಕಕ್ಕೆ ತಂದು ಮೇಲ್ದರವನ್ನು ಶೇ 50 ಮಾಡಿದರು, 1997ರಲ್ಲಿ ಪಿ. ಚಿದಂಬರಂ ಶೇ 10, 20, 30ರ ಮೂರು ಮೆಟ್ಟಿಲಿಗೆ ತಂದರು. ಆ ಶೇ 30ರ ಮೇಲ್ದರ ಇಂದಿಗೂ ಹಾಗೆಯೇ ನಿಂತಿದೆ, ಸರ್‌ಚಾರ್ಜ್ ಮತ್ತು ಸೆಸ್‌ಗಳ ರೂಪದಲ್ಲಿ ಅದರ ಮೇಲೆ ಬೆಳೆದುದನ್ನು ಬಿಟ್ಟರೆ.

ಈ ಇತಿಹಾಸದಿಂದ ಏರುದರವೇ ತಪ್ಪು ಎಂದು ತೀರ್ಮಾನಿಸುವವರು ಅವಸರ ಮಾಡುತ್ತಿದ್ದಾರೆ ಎಂದು ನನ್ನ ಅಭಿಪ್ರಾಯ. ಶೇ 97.75 ಕೆಟ್ಟದಾಗಿತ್ತು ಎನ್ನುವುದರಿಂದ ಶೇ 40 ಕೆಟ್ಟದು ಎಂದಾಗುವುದಿಲ್ಲ. ಅಮೆರಿಕದಲ್ಲಿ 1950ರ ದಶಕದ ಬಹುಭಾಗ ಮೇಲ್ದರ ಶೇ 91 ಇತ್ತು, ಈಗ ಶೇ 37 ಇದೆ, ಯಾವುದಕ್ಕೂ ಪ್ರಳಯವಾಗಲಿಲ್ಲ.

ಅತಿ ಹೆಚ್ಚಿನ ದರ ಯಾರ ಮೇಲಿದೆ?

ಇಂದಿನ ಭಾರತದಲ್ಲಿ ಕೊನೆಯ ರೂಪಾಯಿಯ ಮೇಲೆ ಅತಿ ಹೆಚ್ಚು ತೆರಿಗೆ ಕಟ್ಟುವವರು ಯಾರು ಎಂದು ಕೇಳಿದರೆ ಎಲ್ಲರೂ ಕೋಟ್ಯಧಿಪತಿಗಳತ್ತ ಬೆರಳು ತೋರುತ್ತಾರೆ. ಲೆಕ್ಕ ಬೇರೆಯದನ್ನೇ ಹೇಳುತ್ತದೆ. 12 ಲಕ್ಷದವರೆಗಿನ ತೆರಿಗೆಯೋಗ್ಯ ಆದಾಯಕ್ಕೆ 60 ಸಾವಿರ ರೂಪಾಯಿಯ ರಿಯಾಯಿತಿ ಇರುವುದರಿಂದ ಅಲ್ಲಿಯವರೆಗೆ ಕಟ್ಟಬೇಕಾದುದು ಸೊನ್ನೆ. ಆದಾಯ 12 ಲಕ್ಷ 10 ಸಾವಿರವಾದರೆ ರಿಯಾಯಿತಿ ಹೋಗಿ, ಸ್ಲ್ಯಾಬ್ ಪ್ರಕಾರ 61,500 ರೂಪಾಯಿ ತೆರಿಗೆ ಬರುತ್ತದೆ. ಹತ್ತು ಸಾವಿರ ಹೆಚ್ಚು ಗಳಿಸಿದ್ದಕ್ಕೆ ಅರುವತ್ತೊಂದು ಸಾವಿರ ಕೊಡಿಸುವುದು ಅನ್ಯಾಯವೆಂದು ಕಾನೂನಿನಲ್ಲೇ ಪರಿಹಾರವಿದೆ: 12 ಲಕ್ಷದ ಮೇಲೆ ಗಳಿಸಿದ ಮೊತ್ತಕ್ಕಿಂತ ಹೆಚ್ಚು ತೆರಿಗೆ ಇರಬಾರದು. ಹಾಗಾಗಿ ತೆರಿಗೆ 10 ಸಾವಿರಕ್ಕೆ ಇಳಿಯುತ್ತದೆ, ಅದರ ಮೇಲೆ ಶೇ 4 ಸೆಸ್ ಸೇರಿ 10,400 ರೂಪಾಯಿ ಆಗುತ್ತದೆ. ಹತ್ತು ಸಾವಿರ ಸಂಬಳ ಏರಿದರೆ ಕೈಯಿಂದ ನಾನೂರು ಹೆಚ್ಚು ಹೋಗುತ್ತದೆ. ಆದಾಯ ಸುಮಾರು 12 ಲಕ್ಷ 70 ಸಾವಿರ ತಲುಪುವ ತನಕ ಇದೇ ಸ್ಥಿತಿ. 12 ಲಕ್ಷದಿಂದ ಅಲ್ಲಿಯವರೆಗಿನ ಈ ಅಂತರದೊಳಗೆ ಕೊನೆಯ ರೂಪಾಯಿಯ ದರ ಶೇ 104. ಇಂದಿರಾ ಗಾಂಧಿ ಕಾಲದ ಶೇ 97.75ನ್ನು ನೆನೆದು ನಡುಗುವವರು ಇದನ್ನು ಗಮನಿಸಿದಂತಿಲ್ಲ. ಸಾಫ್ಟ್‌ವೇರ್ ಕಂಪನಿಯಲ್ಲಿ ನಾಲ್ಕೈದು ವರ್ಷ ಅನುಭವವಿರುವ ನೌಕರರು, ಹಿರಿಯ ಶಾಲಾ ಶಿಕ್ಷಕರು, ಬ್ಯಾಂಕ್ ಅಧಿಕಾರಿಗಳು ಬಡ್ತಿಯ ಹಾದಿಯಲ್ಲಿ ಒಮ್ಮೆ ಹಾದುಹೋಗುವ ಜಾಗ ಇದು.

ಹಾಗಾದರೆ ಏರುದರದ ಪದ್ಧತಿಯನ್ನು ಒಪ್ಪುವವರೂ ಕೇಳಬೇಕಾದ ಪ್ರಶ್ನೆ ಇದು: ಮೆಟ್ಟಿಲುಗಳು ನಿಜಕ್ಕೂ ಒಂದೊಂದಾಗಿ ಏರುತ್ತಿವೆಯೇ, ಅಥವಾ ನಡುವೆ ಕಡಿದಾದ ಗೋಡೆಯಿದೆಯೇ? 12 ಲಕ್ಷಕ್ಕೆ ತೆರಿಗೆಯಿಲ್ಲ ಎಂಬ ಘೋಷಣೆ ರಾಜಕೀಯವಾಗಿ ಸೊಗಸಾಗಿ ಕೇಳಿಸುತ್ತದೆ, ಆದರೆ ರಿಯಾಯಿತಿಗೆ ಬದಲಾಗಿ ತೆರಿಗೆರಹಿತ ಮಿತಿಯನ್ನೇ ಕೊಂಚ ಏರಿಸಿದ್ದರೆ ಈ ಗೋಡೆ ಇರುತ್ತಿರಲಿಲ್ಲ. ಆಗ ಮೇಲಿನವರಿಗೂ ಅದರ ಲಾಭ ಸಿಗುತ್ತಿತ್ತು, ಬೊಕ್ಕಸಕ್ಕೆ ಹೆಚ್ಚು ಖೋತಾ ಆಗುತ್ತಿತ್ತು. ಅದಕ್ಕೇ ಸರ್ಕಾರ ಈ ದಾರಿ ಹಿಡಿದದ್ದು.

ಒಂದೇ ದರವಾದರೆ

ಒಂದೇ ದರದ ಪ್ರತಿಪಾದಕರು ಸರಳತೆಯನ್ನು ಮುಂದಿಡುತ್ತಾರೆ. ಎಸ್ಟೋನಿಯಾ 1994ರಲ್ಲಿ ಶೇ 26ರ ಏಕದರ ತಂದಿತು, ರಷ್ಯಾ 2001ರಲ್ಲಿ ಶೇ 13ರ ದರ ತಂದಿತು, ಹಂಗರಿಯಲ್ಲಿ ಈಗ ಶೇ 15 ಇದೆ. ಒಂದೇ ದರವೆಂದರೆ ಬಡವರಿಗೂ ಸಿರಿವಂತರಿಗೂ ಸಮನಾದ ಹೊರೆ ಎಂದು ತಕ್ಷಣ ಆಕ್ಷೇಪಿಸುವುದು ಸರಿಯಲ್ಲ, ಏಕೆಂದರೆ ತೆರಿಗೆರಹಿತ ಮಿತಿ ಇದ್ದರೆ ಸರಾಸರಿ ದರ ತಾನಾಗಿಯೇ ಏರುತ್ತದೆ. ಭಾರತದಲ್ಲಿ 4 ಲಕ್ಷದವರೆಗೆ ಸೊನ್ನೆ, ಅದರ ಮೇಲೆ ಎಲ್ಲಕ್ಕೂ ಶೇ 20 ಎಂದು ಊಹಿಸಿಕೊಳ್ಳಿ. 5 ಲಕ್ಷ ಗಳಿಸುವವರ ಸರಾಸರಿ ಶೇ 4, 12 ಲಕ್ಷದವರದು ಶೇ 13.3, ಕೋಟಿ ಗಳಿಸುವವರದು ಶೇ 19.2. ಇದೂ ಒಂದು ಬಗೆಯ ಏರಿಕೆಯೇ.

ಆದರೆ ಇದೇ ಲೆಕ್ಕವನ್ನು ಈಗಿನ ಸ್ಲ್ಯಾಬ್‌ಗಳ ಪಕ್ಕದಲ್ಲಿಟ್ಟಾಗ ಹೊರೆ ಯಾರಿಂದ ಯಾರಿಗೆ ಜಾರುತ್ತದೆ ಎಂಬುದು ಕಾಣುತ್ತದೆ. 12 ಲಕ್ಷದವರು ಈಗ ಏನೂ ಕಟ್ಟುವುದಿಲ್ಲ, ಆಗ 1 ಲಕ್ಷ 60 ಸಾವಿರ ಕಟ್ಟಬೇಕು. 24 ಲಕ್ಷದವರ ತೆರಿಗೆ 3 ಲಕ್ಷದಿಂದ 4 ಲಕ್ಷಕ್ಕೆ ಏರುತ್ತದೆ. ಸೆಸ್ ಮತ್ತು ಸರ್‌ಚಾರ್ಜ್ ಬದಿಗಿಟ್ಟರೆ ಎರಡೂ ಸಮವಾಗುವುದು 34 ಲಕ್ಷದಲ್ಲಿ. ಅದರ ಕೆಳಗಿರುವ ತೆರಿಗೆದಾರರೆಲ್ಲ ಹೆಚ್ಚು ಕೊಡುತ್ತಾರೆ, ಮೇಲಿನವರು ಕಡಿಮೆ ಕೊಡುತ್ತಾರೆ. ಏಕದರವನ್ನು ಬಯಸುವ ಮಧ್ಯಮ ವರ್ಗದವರು ತಮ್ಮ ಆದಾಯ ಈ ಗೆರೆಯ ಯಾವ ಬದಿಗಿದೆ ಎಂದು ನೋಡಿಕೊಳ್ಳುವುದು ಒಳ್ಳೆಯದು. ದರವನ್ನು ಶೇ 15ಕ್ಕೆ ಇಳಿಸಿದರೆ ಕೆಳಗಿನವರ ನೋವು ಕಡಿಮೆಯಾಗುತ್ತದೆ ನಿಜ, ಆದರೆ ಆಗ ತಪ್ಪಿಹೋದ ಹಣವನ್ನು ಜಿಎಸ್‌ಟಿಯಿಂದಲೋ ಸಾಲದಿಂದಲೋ ತುಂಬಬೇಕಾಗುತ್ತದೆ.

ಏಕದರ ತಂದ ದೇಶಗಳೆಲ್ಲ ಅದನ್ನು ಉಳಿಸಿಕೊಂಡಿಲ್ಲ ಎಂಬುದೂ ಗಮನಾರ್ಹ. ಸ್ಲೊವಾಕಿಯಾ 2004ರಲ್ಲಿ ಶೇ 19ರ ದರ ತಂದು 2013ರಲ್ಲಿ ಬಿಟ್ಟಿತು. ರಷ್ಯಾ 2021ರಲ್ಲಿ ಎರಡನೆಯ ಮೆಟ್ಟಿಲು ಸೇರಿಸಿ, 2025ರಿಂದ ಶೇ 13ರಿಂದ 22ರವರೆಗೆ ಐದು ಮೆಟ್ಟಿಲು ಮಾಡಿಕೊಂಡಿದೆ. ಅಮೆರಿಕದ ಇಲಿನಾಯ್ ರಾಜ್ಯದ ಕಥೆ ಇದಕ್ಕೆ ತದ್ವಿರುದ್ಧ: ಅಲ್ಲಿನ ಮತದಾರರು 2020ರಲ್ಲಿ ಏರುದರದ ಪ್ರಸ್ತಾಪವನ್ನು ತಿರಸ್ಕರಿಸಿ ಏಕದರವನ್ನೇ ಉಳಿಸಿಕೊಂಡರು. ಎರಡೇ ವರ್ಷಗಳ ನಂತರ ಮ್ಯಾಸಚೂಸೆಟ್ಸ್‌ನ ಮತದಾರರು 10 ಲಕ್ಷ ಡಾಲರ್ ಮೀರಿದ ಆದಾಯಕ್ಕೆ ಶೇ 4 ಹೆಚ್ಚುವರಿ ತೆರಿಗೆಯನ್ನು ಒಪ್ಪಿದರು.

ಕಡಿತಗಳು ಬೇಕೇ?

ಸಂಬಳದಾರರಿಗೆ ಪ್ರತಿ ವರ್ಷ ಎದುರಾಗುವ ನಿಜವಾದ ಆಯ್ಕೆ ಇದು. ಹಳೆಯ ಪದ್ಧತಿಯಲ್ಲಿ 10 ಲಕ್ಷ ದಾಟಿದರೇ ಶೇ 30, ಆದರೆ ಭವಿಷ್ಯ ನಿಧಿ, ವಿಮೆ, ಗೃಹಸಾಲದ ಬಡ್ಡಿ, ಮನೆ ಬಾಡಿಗೆ ಭತ್ಯೆಗಳಿಗೆ ಕಡಿತ ಉಂಟು. ಹೊಸ ಪದ್ಧತಿಯಲ್ಲಿ ದರ ಕಡಿಮೆ, ಕಡಿತಗಳು ಬಹುತೇಕ ಇಲ್ಲ. 20 ಲಕ್ಷ ಸಂಬಳದವರಿಗೆ ಹೊಸ ಪದ್ಧತಿಯಲ್ಲಿ 75 ಸಾವಿರದ ಪ್ರಮಾಣಿತ ಕಡಿತ ಕಳೆದು, ಸೆಸ್‌ಗೆ ಮುಂಚೆ 1 ಲಕ್ಷ 85 ಸಾವಿರ ತೆರಿಗೆ. ಹಳೆಯದರಲ್ಲಿ ಇಷ್ಟೇ ಬರಬೇಕಾದರೆ 50 ಸಾವಿರದ ಪ್ರಮಾಣಿತ ಕಡಿತವಲ್ಲದೆ ಸುಮಾರು 7 ಲಕ್ಷ 8 ಸಾವಿರ ರೂಪಾಯಿಯ ಕಡಿತಗಳಿರಬೇಕು. ಉಳಿತಾಯದ ಒಂದೂವರೆ ಲಕ್ಷ, ಗೃಹಸಾಲದ ಬಡ್ಡಿಯ 2 ಲಕ್ಷ, ಪಿಂಚಣಿ ಯೋಜನೆಯ 50 ಸಾವಿರ, ಆರೋಗ್ಯ ವಿಮೆಯ 25 ಸಾವಿರ ಎಲ್ಲ ಸೇರಿದರೂ ನಾಲ್ಕೂಕಾಲು ಲಕ್ಷವಷ್ಟೇ. ಉಳಿದದ್ದು ದೊಡ್ಡ ಮನೆ ಬಾಡಿಗೆಯಿಂದ ಬರಬೇಕು. 2024ರ ಜುಲೈ 31ರವರೆಗೆ ಸಲ್ಲಿಕೆಯಾದ 7.28 ಕೋಟಿ ರಿಟರ್ನ್‌ಗಳಲ್ಲಿ ಶೇ 72ರಷ್ಟು ಹೊಸ ಪದ್ಧತಿಯವು ಎಂಬುದರಲ್ಲಿ ಆಶ್ಚರ್ಯವಿಲ್ಲ, ಆಗಿನ್ನೂ ಸ್ಲ್ಯಾಬ್‌ಗಳು ಇಷ್ಟು ಉದಾರವಾಗಿರದಿದ್ದರೂ ಕೂಡ.

ಜೇಬಿನ ಲೆಕ್ಕ ಬಿಟ್ಟು ನ್ಯಾಯದ ಲೆಕ್ಕಕ್ಕೆ ಬಂದರೆ, ಕಡಿತಗಳು ಏರುದರದ ಹೊಟ್ಟೆಯೊಳಗೇ ಇರುವ ಇಳಿದರಗಳು. ಒಂದೂವರೆ ಲಕ್ಷ ಉಳಿಸಿದ್ದಕ್ಕೆ ಶೇ 30ರ ಸ್ಲ್ಯಾಬಿನವರಿಗೆ 45 ಸಾವಿರ ರೂಪಾಯಿ ತೆರಿಗೆ ಉಳಿಯುತ್ತದೆ; ಶೇ 5ರವರಿಗೆ 7,500. ಉಳಿಸಲು ಶಕ್ತಿ ಕಡಿಮೆ ಇರುವವರಿಗೆ ಉತ್ತೇಜನವೂ ಕಡಿಮೆ. ಈ ಕಾರಣಕ್ಕೆ ಹೊಸ ಪದ್ಧತಿಯೇ ಹೆಚ್ಚು ನ್ಯಾಯವಾದದ್ದು ಎಂದು ನಾನು ಎಣಿಸುತ್ತೇನೆ. ಆದರೆ ಅದಕ್ಕೂ ಬೆಲೆಯಿದೆ. ವೃದ್ಧ ತಂದೆತಾಯಿಯರ ಚಿಕಿತ್ಸೆಗೆ, ಅಂಗವಿಕಲ ಮಗುವಿನ ಪಾಲನೆಗೆ ಖರ್ಚು ಮಾಡುವವರ ತೆರಿಗೆ ಕಟ್ಟುವ ಶಕ್ತಿ ಅಷ್ಟೇ ಸಂಬಳದ ಒಂಟಿ ಯುವಕರ ಶಕ್ತಿಗೆ ಸಮನಲ್ಲ. ಆ ವ್ಯತ್ಯಾಸವನ್ನು ಗುರುತಿಸುವ ಕಣ್ಣನ್ನು ಹೊಸ ಪದ್ಧತಿ ಬಹುಮಟ್ಟಿಗೆ ಮುಚ್ಚಿಕೊಂಡಿದೆ.

ಖರ್ಚಿನ ಮೇಲೆ, ಸಂಪತ್ತಿನ ಮೇಲೆ

ಗಳಿಕೆಯನ್ನು ಬಿಟ್ಟು ಖರ್ಚಿಗೆ ತೆರಿಗೆ ಹಾಕಿ ಎನ್ನುವವರಲ್ಲಿ ಎರಡು ಗುಂಪುಗಳಿವೆ. ಒಂದು ಗುಂಪಿಗೆ ಜಿಎಸ್‌ಟಿಯೇ ಸಾಕು. ಆದರೆ ಅಂಗಡಿಯ ಬಿಲ್ಲು ಕೊಳ್ಳುವವರ ಆದಾಯ ಕೇಳುವುದಿಲ್ಲ. ಬಂದದ್ದನ್ನೆಲ್ಲ ಖರ್ಚು ಮಾಡುವ ಬಡಕುಟುಂಬದ ಆದಾಯದ ಹೆಚ್ಚಿನ ಪಾಲು ತೆರಿಗೆಯ ಬಲೆಗೆ ಬೀಳುತ್ತದೆ, ಅರ್ಧ ಉಳಿಸುವ ಕುಟುಂಬದ್ದು ಕಡಿಮೆ ಬೀಳುತ್ತದೆ. 2025ರ ಸೆಪ್ಟೆಂಬರ್ 22ರಿಂದ ಜಾರಿಯಾದ ಶೇ 5, 18, 40ರ ದರಗಳು ವಸ್ತುವನ್ನು ನೋಡಿ ಏರುತ್ತವೆ. ವ್ಯಕ್ತಿಯನ್ನು ನೋಡುವ ಶಕ್ತಿ ಅವಕ್ಕಿಲ್ಲ.

ಇನ್ನೊಂದು ಗುಂಪು ಬ್ರಿಟನ್ನಿನ ಅರ್ಥಶಾಸ್ತ್ರಜ್ಞ ನಿಕೊಲಸ್ ಕಾಲ್ಡಾರ್ ಅವರದು. 1956ರಲ್ಲಿ ಭಾರತಕ್ಕಾಗಿ ವರದಿ ಸಿದ್ಧಪಡಿಸಿದ ಅವರು ಆದಾಯ ತೆರಿಗೆಯ ಮೇಲ್ದರವನ್ನು ಶೇ 45ಕ್ಕೆ ಇಳಿಸಿ, ಅದರ ಜೊತೆಗೆ ವ್ಯಕ್ತಿಯ ವಾರ್ಷಿಕ ಖರ್ಚಿನ ಮೇಲೆ ಏರುದರದ ತೆರಿಗೆ, ಸಂಪತ್ತು ತೆರಿಗೆ, ಬಂಡವಾಳ ಲಾಭದ ತೆರಿಗೆ, ದಾನ ತೆರಿಗೆಗಳನ್ನು ಹಾಕಲು ಸೂಚಿಸಿದರು. ಐದೂ ಸೇರಿ ಒಂದನ್ನೊಂದು ಕಾಯುವಂತೆ ಹೆಣೆದ ಯೋಜನೆ ಅದು. ಸರ್ಕಾರ ಹೊಸ ತೆರಿಗೆಗಳನ್ನು ತೆಗೆದುಕೊಂಡಿತು, ದರ ಇಳಿಸುವ ಮಾತನ್ನು ಬಿಟ್ಟಿತು. ಹಣಕಾಸು ಸಚಿವ ಟಿ.ಟಿ. ಕೃಷ್ಣಮಾಚಾರಿ ತಂದ ವೆಚ್ಚ ತೆರಿಗೆಯನ್ನು 1962ರಲ್ಲಿ ಮೊರಾರ್ಜಿ ದೇಸಾಯಿ ತೆಗೆದರು, 1964ರಲ್ಲಿ ಕೃಷ್ಣಮಾಚಾರಿಯವರೇ ಮತ್ತೆ ತಂದರು, 1966ರಲ್ಲಿ ಅದು ಮತ್ತೆ ಹೋಯಿತು. ಖರ್ಚಿನ ಲೆಕ್ಕವನ್ನು ಮನೆಮನೆಯಿಂದ ಪಡೆಯುವುದು ಆಗದ ಕೆಲಸವಾಗಿತ್ತು.

ಸಂಪತ್ತು ತೆರಿಗೆಯದೂ ಹೆಚ್ಚುಕಡಿಮೆ ಇದೇ ಗತಿ. 2015ರ ಬಜೆಟ್‌ನಲ್ಲಿ ಅದನ್ನು ರದ್ದು ಮಾಡಿದಾಗ ಅರುಣ್ ಜೇಟ್ಲಿ ಕೊಟ್ಟ ಕಾರಣ, 2013-14ರಲ್ಲಿ ಇಡೀ ದೇಶದಿಂದ ಬಂದದ್ದು 1,008 ಕೋಟಿ ರೂಪಾಯಿ ಮಾತ್ರ ಎಂಬುದು. ಷೇರುಗಳನ್ನು ಹೊರಗಿಟ್ಟು ಒಡವೆ, ಕಾರು, ನಗರದ ನಿವೇಶನಗಳಂಥವನ್ನು ಮಾತ್ರ ಹಿಡಿಯುತ್ತಿದ್ದ ತೆರಿಗೆಯಿಂದ ಇನ್ನೆಷ್ಟು ಬರಬೇಕಿತ್ತು ಎಂದು ಕೇಳಬಹುದು. 1953ರ ಎಸ್ಟೇಟ್ ಡ್ಯೂಟಿ, ಅಂದರೆ ಸತ್ತವರ ಆಸ್ತಿಯ ಮೇಲಿನ ತೆರಿಗೆ, 1985ರಲ್ಲಿ ಹೋಯಿತು. ಸುಮಾರು 20 ಕೋಟಿ ಬರುವ ತೆರಿಗೆಗೆ ವಸೂಲಿಯ ಖರ್ಚೇ ಹೆಚ್ಚು ಎಂಬುದು ಆಗಿನ ಸಮರ್ಥನೆ. 2024ರ ಲೋಕಸಭಾ ಚುನಾವಣೆಯ ನಡುವೆ ಕಾಂಗ್ರೆಸ್‌ನ ಸ್ಯಾಮ್ ಪಿತ್ರೋಡಾ ಅಮೆರಿಕದ ಪಿತ್ರಾರ್ಜಿತ ತೆರಿಗೆಯನ್ನು ಉಲ್ಲೇಖಿಸಿದ್ದೇ ತಡ, ಪ್ರಧಾನಿ ಅದನ್ನು ಪ್ರಚಾರದ ಅಸ್ತ್ರ ಮಾಡಿಕೊಂಡರು, ಕಾಂಗ್ರೆಸ್ ಆ ಮಾತಿಗೂ ತನಗೂ ಸಂಬಂಧವಿಲ್ಲ ಎಂದಿತು. ಅಲ್ಲಿಗೆ ಚರ್ಚೆ ಮುಗಿಯಿತು.

ಒಂದು ಕೋಟಿ, ಮೂರು ತೆರಿಗೆ

ನನ್ನ ಮಟ್ಟಿಗೆ ಇಡೀ ವಾದದ ತಿರುಳು ಇಲ್ಲಿದೆ. ಏಣಿಯ ಮೆಟ್ಟಿಲುಗಳು ಎಷ್ಟು ಎತ್ತರವಿರಬೇಕು ಎಂದು ಜಗಳವಾಡುತ್ತಿರುವಾಗ, ಆ ಏಣಿಯನ್ನು ಹತ್ತಬೇಕಾಗಿಯೇ ಇಲ್ಲದವರ ಕಡೆಗೆ ಗಮನ ಹೋಗುವುದಿಲ್ಲ.

ಒಬ್ಬರು ವರ್ಷಕ್ಕೆ ಒಂದು ಕೋಟಿ ರೂಪಾಯಿ ಸಂಬಳ ಪಡೆಯುತ್ತಾರೆ ಎಂದಿಟ್ಟುಕೊಳ್ಳಿ. ಹೊಸ ಪದ್ಧತಿಯಲ್ಲಿ ಸರ್‌ಚಾರ್ಜ್, ಸೆಸ್ ಸೇರಿ ಅವರ ತೆರಿಗೆ ಸುಮಾರು 29 ಲಕ್ಷ 26 ಸಾವಿರ. ಇನ್ನೊಬ್ಬರು ಬೇರೆ ಆದಾಯವಿಲ್ಲದೆ, ವರ್ಷಕ್ಕಿಂತ ಹೆಚ್ಚು ಕಾಲ ಇಟ್ಟುಕೊಂಡಿದ್ದ ಷೇರುಗಳನ್ನು ಮಾರಿ ಒಂದು ಕೋಟಿ ಲಾಭ ಪಡೆಯುತ್ತಾರೆ. 2024ರ ಜುಲೈ 23ರಿಂದ ಈ ಲಾಭಕ್ಕೆ 1 ಲಕ್ಷ 25 ಸಾವಿರದ ಮೇಲೆ ಶೇ 12.5ರ ಏಕದರ, ಅವರ ಒಟ್ಟು ತೆರಿಗೆ ಸುಮಾರು 13 ಲಕ್ಷ 55 ಸಾವಿರ. ಮೂರನೆಯವರು ಅಡಿಕೆ ತೋಟದಿಂದ ಒಂದು ಕೋಟಿ ಗಳಿಸುತ್ತಾರೆ. ಕೇಂದ್ರಕ್ಕೆ ಅವರು ಕೊಡಬೇಕಾದ ಆದಾಯ ತೆರಿಗೆ ಸೊನ್ನೆ. ಕುತೂಹಲಕ್ಕೆ ಇದೇ ಲೆಕ್ಕವನ್ನು 20 ಲಕ್ಷಕ್ಕೆ ಮಾಡಿದರೆ ಸಂಬಳದವರ ತೆರಿಗೆ 1,92,400 ರೂಪಾಯಿ, ಷೇರಿನವರದು 1,91,750. ಅಲ್ಲಿ ಇಬ್ಬರೂ ಸಮ. ಮೇಲೆ ಹೋದಂತೆ ಒಬ್ಬರ ದರ ಏರುತ್ತದೆ, ಇನ್ನೊಬ್ಬರದು ಹೆಚ್ಚುಕಡಿಮೆ ಇದ್ದಲ್ಲೇ ಇರುತ್ತದೆ. ದೊಡ್ಡ ಸಿರಿವಂತರ ಗಳಿಕೆ ಸಂಬಳದ ರೂಪದಲ್ಲಿ ಬರುವುದು ಅಪರೂಪ ಎಂಬುದನ್ನು ಇದಕ್ಕೆ ಸೇರಿಸಿಕೊಂಡು ಓದಬೇಕು.

ಷೇರುದಾರರ ಪರವಾಗಿ ಹೇಳಬೇಕಾದ ಮಾತೂ ಇದೆ. ಕಂಪನಿ ತನ್ನ ಲಾಭಕ್ಕೆ ಮೊದಲೇ ತೆರಿಗೆ ಕಟ್ಟಿರುತ್ತದೆ; ಹಲವು ವರ್ಷಗಳ ಏರಿಕೆ ಮಾರಿದ ಒಂದೇ ವರ್ಷದ ಆದಾಯವಾಗಿ ಕಾಣುತ್ತದೆ; ಅದರಲ್ಲಿ ಒಂದು ಭಾಗ ಬೆಲೆಯೇರಿಕೆಯಷ್ಟೇ. ಇವು ರಿಯಾಯಿತಿಗೆ ಸರಿಯಾದ ಕಾರಣಗಳು. ಅರ್ಧಕ್ಕಿಂತ ಕಡಿಮೆ ತೆರಿಗೆಗೆ ಅವು ಸಾಕೇ ಎಂಬುದು ನನ್ನ ಅನುಮಾನ.

ಕೃಷಿ ಆದಾಯದ ವಿಷಯ ಇನ್ನೂ ಸೂಕ್ಷ್ಮ. ಸಂವಿಧಾನದ ಏಳನೇ ಅನುಸೂಚಿಯಂತೆ ಅದರ ಮೇಲೆ ತೆರಿಗೆ ಹಾಕುವ ಅಧಿಕಾರ ರಾಜ್ಯಗಳದ್ದು, ಮತ್ತು ರೈತರನ್ನು ಎದುರುಹಾಕಿಕೊಳ್ಳುವ ಧೈರ್ಯ ಯಾವ ಪಕ್ಷಕ್ಕೂ ಇಲ್ಲ. ಎರಡು ಎಕರೆ ರಾಗಿ ಬೆಳೆಯುವವರಿಗೆ ಈ ವಿನಾಯಿತಿಯಿಂದ ಏನೂ ಸಿಗುವುದಿಲ್ಲ. ಅವರ ಆದಾಯ ಹೇಗೂ 4 ಲಕ್ಷದ ಮಿತಿಯ ಕೆಳಗಿರುತ್ತದೆ. ಸಿಗುವುದು ದೊಡ್ಡ ಹಿಡುವಳಿಯವರಿಗೆ, ಹಾಗೂ ಬೇರೆ ಕಡೆಯ ಹಣವನ್ನು ತೋಟದ ಆದಾಯವೆಂದು ತೋರಿಸುವವರಿಗೆ. ಕೆ.ಎನ್. ರಾಜ್ ಸಮಿತಿ 1972ರಲ್ಲಿ ಹಿಡುವಳಿಯನ್ನು ಆಧರಿಸಿದ ತೆರಿಗೆಯನ್ನು ಸೂಚಿಸಿತ್ತು. ಅದರಲ್ಲಿ ಜಾರಿಗೆ ಬಂದದ್ದು ಒಂದು ಸಣ್ಣ ಭಾಗ: ಬೇರೆ ಆದಾಯವೂ ಇರುವವರ ದರವನ್ನು ಲೆಕ್ಕ ಹಾಕುವಾಗ ಕೃಷಿ ಆದಾಯವನ್ನೂ ಸೇರಿಸಿಕೊಳ್ಳುವುದು. ಕೊಡಗು, ಚಿಕ್ಕಮಗಳೂರು, ಸಕಲೇಶಪುರದ ಬೆಳೆಗಾರರಿಗೆ ಇದು ಪರಿಚಿತ. ಕಾಫಿಯನ್ನು ಬೆಳೆದು, ಸಂಸ್ಕರಿಸಿ ಮಾರಿದರೆ ಆದಾಯದ ಶೇ 25 ಭಾಗವನ್ನು ವ್ಯವಹಾರದ ಆದಾಯವೆಂದು ಪರಿಗಣಿಸಲಾಗುತ್ತದೆ. ಡಾ. ಬಿ.ಆರ್. ಅಂಬೇಡ್ಕರ್ 1927ರಲ್ಲಿ ಬಾಂಬೆ ಶಾಸನ ಪರಿಷತ್ತಿನಲ್ಲಿ ಇದರ ತಲೆಕೆಳಗಾದ ಅನ್ಯಾಯವನ್ನು ಎತ್ತಿ ತೋರಿಸಿದ್ದರು: ಆದಾಯ ತೆರಿಗೆಯವರಿಗೆ ಆದಾಯವಿಲ್ಲದಿದ್ದರೆ ತೆರಿಗೆಯಿಲ್ಲ, ರೈತನಿಗೆ ಬೆಳೆ ಬಂದರೂ ಬಾರದಿದ್ದರೂ ಕಂದಾಯ ತಪ್ಪದು, ಸಣ್ಣ ರೈತನಿಗೂ ದೊಡ್ಡ ಜಮೀನುದಾರನಿಗೂ ಒಂದೇ ದರ. ಅವರು ಕೇಳಿದ್ದು ಶಕ್ತಿಗೆ ತಕ್ಕ ತೆರಿಗೆಯನ್ನು. ಅಂದು ಸಣ್ಣ ರೈತನ ಮೇಲೆ ಅನ್ಯಾಯವಾಗಿದ್ದ ಭೇದ ಇಂದು ದೊಡ್ಡ ತೋಟದವರಿಗೆ ಲಾಭವಾಗಿ ತಿರುಗಿದೆ.

ಬೆಂಗಳೂರಿನ ತಂತ್ರಜ್ಞರು ತಮ್ಮತಮ್ಮಲ್ಲಿ ಆಡಿಕೊಳ್ಳುವ ಇನ್ನೊಂದು ಹೋಲಿಕೆಯೂ ಇದೆ. 50 ಲಕ್ಷ ಸಂಬಳದ ನೌಕರರು ಸೆಸ್ ಸೇರಿ ಸುಮಾರು 11 ಲಕ್ಷ ತೆರಿಗೆ ಕಟ್ಟುತ್ತಾರೆ. ಅದೇ ಕೆಲಸವನ್ನು ಸ್ವತಂತ್ರ ತಾಂತ್ರಿಕ ಸಲಹೆಗಾರರಾಗಿ ಮಾಡಿ 50 ಲಕ್ಷ ಪಡೆದವರು ಅಂದಾಜು ಆದಾಯದ ನಿಯಮದಡಿ ಅರ್ಧವನ್ನು ಆದಾಯವೆಂದು ತೋರಿಸಿದರೆ ತೆರಿಗೆ 3 ಲಕ್ಷ 43 ಸಾವಿರದಷ್ಟು. ನಿಜವಾದ ಲಾಭ ಹೆಚ್ಚಿದ್ದರೆ ಹೆಚ್ಚೇ ತೋರಿಸಬೇಕು ಎಂಬುದು ನಿಯಮದ ಆಶಯ. ಲೆಕ್ಕಪುಸ್ತಕವೇ ಬೇಡ ಎಂದ ಮೇಲೆ ಅದನ್ನು ಪರಿಶೀಲಿಸುವವರು ಯಾರು?

ಯಾವುದನ್ನು ಆರಿಸುವುದು

ನಿಮಗೆ ಎಲ್ಲಕ್ಕಿಂತ ಮುಖ್ಯವಾದದ್ದು ಸರಳತೆಯಾದರೆ ಏಕದರ ನಿಮ್ಮದು. ಆದರೆ 34 ಲಕ್ಷದ ಕೆಳಗಿನವರ ಹೊರೆ ಏರುವುದನ್ನು, ಇಲ್ಲವೇ ಬೊಕ್ಕಸ ಸೊರಗುವುದನ್ನು ಒಪ್ಪಿಕೊಳ್ಳಬೇಕು. ದುಡಿಯುವ, ಉಳಿಸುವ ಉತ್ಸಾಹ ಮುಖ್ಯವಾದರೆ ಖರ್ಚಿನ ಮೇಲಿನ ತೆರಿಗೆ ಹಿತವೆನಿಸುತ್ತದೆ. ಬಡವರಿಗೆ ನೇರ ಹಣ ಮರಳಿಸುವ ವ್ಯವಸ್ಥೆ ಜೊತೆಗಿಲ್ಲದಿದ್ದರೆ ಅದು ಕೆಳಗಿನವರಿಗೆ ಭಾರ. ಪ್ರತಿಯೊಬ್ಬರೂ ಎಲ್ಲಿಂದ ಆರಂಭಿಸಿದರು ಎಂಬುದೇ ನಿಮ್ಮ ಪ್ರಶ್ನೆಯಾದರೆ ಪಿತ್ರಾರ್ಜಿತದ ತೆರಿಗೆಯೇ ತರ್ಕಬದ್ಧ, ಅದನ್ನು ಕೇಳುವ ಪಕ್ಷ ಸದ್ಯಕ್ಕೆ ಸಿಗಲಾರದು. ಶಕ್ತಿಗೆ ತಕ್ಕ ಪಾಲು ಎಂಬುದು ನಿಮ್ಮ ಅಳತೆಯಾದರೆ ಏರುದರವೇ ಸರಿ, ನನ್ನ ಒಲವೂ ಅತ್ತಲೇ. ಆದರೆ ಮೆಟ್ಟಿಲುಗಳು ನಾಲ್ಕೈದು ಸಾಕು, 12 ಲಕ್ಷದಲ್ಲಿರುವಂಥ ಗೋಡೆ ಬೇಡ, ಮತ್ತು ಸಂಬಳ, ಷೇರು, ತೋಟ, ವೃತ್ತಿ ಎಂದು ಭೇದವೆಣಿಸದೆ ಎಲ್ಲ ಗಳಿಕೆಯೂ ಒಂದೇ ಏಣಿ ಹತ್ತಬೇಕು. ಈ ಕೊನೆಯದು ಆಗದಿದ್ದರೆ ಮೇಲ್ದರವನ್ನು ಶೇ 40 ಮಾಡಿದರೂ ಅದನ್ನು ಕಟ್ಟುವವರು ಫಾರ್ಮ್ 16 ಇರುವವರು, ಅಂದರೆ ಸಂಬಳದಿಂದಲೇ ತೆರಿಗೆ ಮುರಿಸಿಕೊಳ್ಳುವ ನೌಕರರು ಮಾತ್ರ. 2020ರ ಏಪ್ರಿಲ್‌ನಲ್ಲಿ ಕೆಲವು ಕಂದಾಯ ಸೇವೆಯ ಅಧಿಕಾರಿಗಳು ಕೋಟಿ ಮೀರಿದ ಆದಾಯಕ್ಕೆ ಶೇ 40 ಹಾಕಿ ಎಂದು ವರದಿ ಕೊಟ್ಟಾಗ ಸರ್ಕಾರ ವರದಿಯನ್ನು ತಳ್ಳಿಹಾಕಿದ್ದಷ್ಟೇ ಅಲ್ಲ, ಅಧಿಕಾರಿಗಳ ಮೇಲೆ ಕ್ರಮಕ್ಕೂ ಮುಂದಾಯಿತು.

ಸಿರಿವಂತರ ಮೇಲೆ ತೆರಿಗೆ ಹೆಚ್ಚಿಸುತ್ತೇವೆ ಎಂದು ಪಕ್ಷವೊಂದು ಹೇಳಿದಾಗ ಕೇಳಬೇಕಾದದ್ದು ಇನ್ನೊಂದಿದೆ: ಸ್ಲ್ಯಾಬ್ ದರದ ಮೂಲಕವೋ, ಸರ್‌ಚಾರ್ಜ್ ಮೂಲಕವೋ? 2019ರ ಜುಲೈ ಬಜೆಟ್ 2 ಕೋಟಿ ಮೀರಿದ ಆದಾಯಕ್ಕೆ ಶೇ 25, 5 ಕೋಟಿ ಮೀರಿದ್ದಕ್ಕೆ ಶೇ 37 ಸರ್‌ಚಾರ್ಜ್ ಹಾಕಿತು. ಷೇರುಪೇಟೆ ಕುಸಿದಾಗ ಆಗಸ್ಟ್‌ನಲ್ಲಿ ಷೇರುಲಾಭಕ್ಕೆ ಅದನ್ನು ಹಿಂತೆಗೆದುಕೊಂಡಿತು, ಸೆಪ್ಟೆಂಬರ್‌ನಲ್ಲಿ ಕಂಪನಿ ತೆರಿಗೆಯನ್ನು ಶೇ 22ಕ್ಕೆ ಇಳಿಸಿತು, 2023ರಲ್ಲಿ ಹೊಸ ಪದ್ಧತಿಯವರಿಗೆ ಶೇ 37ನ್ನು ಶೇ 25ಕ್ಕೆ ತಂದಿತು. ಸ್ಲ್ಯಾಬ್ ದರದಿಂದ ಬಂದ ಆದಾಯ ತೆರಿಗೆಯಲ್ಲಿ ಶೇ 41 ಪಾಲು ರಾಜ್ಯಗಳಿಗೆ ಸೇರಬೇಕು ಎಂದು 15ನೇ ಹಣಕಾಸು ಆಯೋಗ ನಿಗದಿಪಡಿಸಿತ್ತು. ಸರ್‌ಚಾರ್ಜ್ ಮತ್ತು ಸೆಸ್‌ಗಳಿಂದ ಬಂದದ್ದನ್ನು ಸಂವಿಧಾನದ 270ನೇ ವಿಧಿಯಂತೆ ಹಂಚಬೇಕಾಗಿಲ್ಲ. ಬೆಂಗಳೂರಿನ ಒಂದು ಕೋಟಿ ಸಂಬಳದ ಮೇಲೆ ಬಿದ್ದ ಸರ್‌ಚಾರ್ಜ್‌ನಲ್ಲಿ ಕರ್ನಾಟಕಕ್ಕಾಗಲಿ ಬಿಹಾರಕ್ಕಾಗಲಿ ಒಂದು ರೂಪಾಯಿಯ ಹಕ್ಕೂ ಇಲ್ಲ.